ನೆಟ್‌ರನ್ನರ್‌ಗೆ ಸ್ವಂತ ಕಾರ್ಡ್: ನಾಲ್ಕು ಕಾರ್ಡಿನ ಬೆಲೆ-ಬಲ ಕೂರ್ತಿಲ್ಲ, ನೋಡಿ ಹೇಳಿ

ಕೆರೆಏರಿ:

ನಮಸ್ಕಾರ. ಮುಂದಿನ ಶತಮಾನದ ಬೆಂಗಳೂರನ್ನ ಇಟ್ಕೊಂಡು ನೆಟ್‌ರನ್ನರ್‌ಗೆ (ಸರ್ವರ್ ಕಾಯೋ ಕಾರ್ಪ್, ಅದರೊಳಗೆ ನುಗ್ಗೋ ರನ್ನರ್, ಇಬ್ಬರು ಆಡೋ ಕಾರ್ಡಾಟ) ಹನ್ನೆರಡು ಕಾರ್ಡಿನ ಒಂದು ಪುಟ್ಟ ಪ್ಯಾಕ್ ಮಾಡ್ತಿದ್ದೀನಿ. ನಿಯಮ ಈಗ ಆಟ ಹೊರತರ್ತಿರೋ ನಲ್ ಸಿಗ್ನಲ್‌ದು. ಮಾರೋದಕ್ಕಲ್ಲ, ಗುಂಪಿನಲ್ಲಿ ಆಡೋದಕ್ಕೆ. ಎಂಟು ಕಾರ್ಡು ಒಂದು ಹದಕ್ಕೆ ಬಂದಿವೆ. ಈ ನಾಲ್ಕು ಮಾತ್ರ ಯಾವ ಡೆಕ್‌ಗೆ ಹಾಕಿದ್ರೂ ಆಟ ಕೆಡಿಸ್ತಿವೆ:

ರಾಜಕಾಲುವೆ – ಐಸ್ (ಸರ್ವರ್ ಕಾಯೋ ಕಾರ್ಡು), ಬ್ಯಾರಿಯರ್ ಜಾತಿ, ವೇಲ್ಯಾಂಡ್ (ಕಾರ್ಪ್‌ನ ಒಂದು ಬಣ). ರೆಜ್ (ಮಗುಚಿಟ್ಟಿದ್ದನ್ನ ತೆರೆಯೋ ಬೆಲೆ) 2, ಬಲ 4. ಎದುರಾದ ಕೂಡಲೇ ರನ್ನರ್ 1 ಕ್ಲಿಕ್ (ಸರದಿಯ ಒಂದು ನಡೆ) ಕಳ್ಕೋತಾನೆ. ಸಬ್‌ರುಟೀನ್ (ಒಡೆಯದಿದ್ರೆ ಜಾರಿಯಾಗೋ ಸಾಲು): ರನ್ (ಸರ್ವರ್ ಮೇಲಿನ ದಾಳಿ) ಮುಗಿಸು.

ಗುದ್ದಲಿ – ಬ್ಯಾರಿಯರ್ ಒಡೆಯೋ ಐಸ್‌ಬ್ರೇಕರ್, ಅನಾರ್ಕ್ (ರನ್ನರ್‌ನ ಒಂದು ಬಣ). ಬೆಲೆ 2, ಬಲ 3, 1 ಮೆಮೊರಿ. 1 ಕ್ರೆಡಿಟ್: ಒಂದು ಸಬ್‌ರುಟೀನ್ ಒಡಿ. 1 ಕ್ರೆಡಿಟ್: +2 ಬಲ. ಇನ್‌ಫ್ಲುಯೆನ್ಸ್ (ಬೇರೆ ಬಣದವರು ಡೆಕ್‌ಗೆ ಹಾಕ್ಕೊಳ್ಳೋಕೆ ತೆರೋ ಅಂಕ) 1.

ಸಂತೆ – ರಿಸೋರ್ಸ್, ಕ್ರಿಮಿನಲ್ (ಇದೂ ರನ್ನರ್ ಬಣ). ಬೆಲೆ 1. ಯಶಸ್ವಿ ರನ್ ಆದಾಗಲೆಲ್ಲ 1 ಕ್ರೆಡಿಟ್ ತಗೋ, 1 ಕಾರ್ಡ್ ಎಳ್ಕೋ.

ಕೆರೆ ಒತ್ತುವರಿ – ಅಜೆಂಡಾ (ಗೆಲ್ಲೋಕೆ ಬೇಕಾದ ಪಾಯಿಂಟ್ ಕೊಡೋ ಕಾರ್ಡು), ವೇಲ್ಯಾಂಡ್. 3 ಅಡ್ವಾನ್ಸ್ (ಸ್ಕೋರ್ ಆಗೋ ಮುಂಚೆ ಹಾಕಬೇಕಾದ ಟೋಕನ್), 2 ಪಾಯಿಂಟ್. ಸ್ಕೋರ್ ಆದಾಗ 5 ಕ್ರೆಡಿಟ್.

ಯಾವ ಸಂಖ್ಯೆ ಬದಲಾಯಿಸಬೇಕು ಅನ್ನೋದಕ್ಕಿಂತ, ಯಾವುದರ ಪಕ್ಕ ಇಟ್ಟು ಅಳೀಬೇಕು ಅನ್ನೋದು ಗೊತ್ತಾದ್ರೆ ಉಳಿದದ್ದು ನಾನೇ ಮಾಡ್ಕೋತೀನಿ. ಕಾರ್ಡಿನ ಮೇಲಿನ ಬರಹವೆಲ್ಲ ಕನ್ನಡದಲ್ಲೇ ಇರುತ್ತೆ. ಅದರ ಜೋಡಣೆ, ಅಚ್ಚು ಬಗ್ಗೆಯೂ ಗೊತ್ತಿರೋರು ಹೇಳಿ.

ಟೋಲ್‌ಬೂತ್:

ಹೆಸರುಗಳು ಚೆನ್ನಾಗಿವೆ. ಸಂಖ್ಯೆಗಳು ನಾಲ್ಕರಲ್ಲೂ ಧಾರಾಳ ಆಗಿವೆ.

ಅಳತೆಗೋಲು ಆಟದ ಒಳಗೇ ಇದೆ. ಒಂದು ಕ್ಲಿಕ್ ಕೊಟ್ರೆ ಒಂದು ಕ್ರೆಡಿಟ್, ಇಲ್ಲಾ ಒಂದು ಕಾರ್ಡು. ಅಂದ್ರೆ ಕ್ಲಿಕ್, ಕ್ರೆಡಿಟ್, ಕಾರ್ಡು ಮೂರೂ ಹೆಚ್ಚುಕಮ್ಮಿ ಒಂದೇ ತೂಕ. ಶೂರ್ ಗ್ಯಾಂಬಲ್‌ಗೆ 5 ಕೊಟ್ರೆ 9 ಬರುತ್ತೆ. ಆಡೋ ಕ್ಲಿಕ್ಕು, ಖರ್ಚಾಗೋ ಕಾರ್ಡು ಕಳೆದ್ರೆ ಲಾಭ ಎರಡೇ. ಅಷ್ಟಿದ್ರೂ ಸಿಗೋ ಕಡೆಯೆಲ್ಲ ಎಲ್ಲರೂ ಮೂರು ಪ್ರತಿ ಹಾಕ್ತಾರೆ. ನಿಮ್ಮ ಕಾರ್ಡು ಇದಕ್ಕಿಂತ ಜಾಸ್ತಿ ಕೊಡ್ತಿದ್ರೆ ಅದಕ್ಕೊಂದು ಷರತ್ತು ಇರಲೇಬೇಕು.

ರಾಜಕಾಲುವೆ. ಐಸ್ ಅಳೆಯೋವಾಗ ಎರಡು ಅಂಕಿ ಪಕ್ಕಪಕ್ಕ ಬರೀರಿ: ಕಾರ್ಪ್ ಒಂದೇ ಸಲ ಕೊಡೋ ರೆಜ್ ಬೆಲೆ, ರನ್ನರ್ ಪ್ರತಿ ಸಲ ದಾಟೋದಕ್ಕೆ ತೆರೋ ಬೆಲೆ. ಅಳೆಯೋ ಬ್ರೇಕರ್ ಕೊರೋಡರ್ ಆಗಿರಲಿ (ಬೆಲೆ 2, ಬಲ 2, ಒಂದಕ್ಕೊಂದು ಬಲ, ಒಂದಕ್ಕೊಂದು ಒಡೆತ). ಐಸ್ ವಾಲ್: ರೆಜ್ 1, ದಾಟೋಕೆ 1. ವಾಲ್ ಆಫ್ ಸ್ಟ್ಯಾಟಿಕ್: ರೆಜ್ 3, ದಾಟೋಕೆ 2. ಭಾರೀ ಐಸ್‌ಗೆ ಟೋಲ್‌ಬೂತ್ ಅನ್ನೋ ಕಾರ್ಡು ನೋಡಿ. ರೆಜ್ 8, ಬಲ 5, ಎದುರಾದಾಗ 3 ಕ್ರೆಡಿಟ್ ಕಿತ್ಕೊಳ್ಳುತ್ತೆ. ಗಾರ್ಡಿಯನ್ ಬ್ಲೇಡ್ ಅನ್ನೋ ಬಲ 2ರ ಬ್ರೇಕರ್ ಹಿಡಿದು ಹೋದ್ರೆ 3 ಸುಂಕ, 3 ಬಲಕ್ಕೆ, 1 ಒಡೆಯೋಕೆ, ಒಟ್ಟು 7. ಮೂರೂ ಕಡೆ ದಾಟೋ ಬೆಲೆ ರೆಜ್ ಬೆಲೆಯನ್ನ ಮೀರಿಲ್ಲ. ನಿಮ್ಮದರಲ್ಲಿ ಕೊರೋಡರ್‌ಗೆ 2 ಬಲಕ್ಕೆ, 1 ಒಡೆಯೋಕೆ, ಮೇಲೊಂದು ಕ್ಲಿಕ್. ಕಾರ್ಪ್ 2 ಕೊಟ್ಟು ಪ್ರತಿ ಸಲ 4 ವಸೂಲಿ ಮಾಡುತ್ತೆ. ಒಂದೇ ಸರ್ವರ್ ಮುಂದೆ ಮೂರು ಪ್ರತಿ ನಿಂತ್ರೆ ಮೊದಲ ಕ್ಲಿಕ್‌ನಲ್ಲಿ ಒಳಗೆ ನುಗ್ಗಿದವನ ನಾಲ್ಕೂ ಕ್ಲಿಕ್ ಅಲ್ಲೇ ಮುಗಿದುಹೋಯ್ತು.

ಕ್ಲಿಕ್ ನಷ್ಟ ಎದುರಾದಾಗಲೇ ಆಗಬೇಕು ಅಂದ್ರೆ ರೆಜ್ 5 ಮಾಡಿ. ಇಲ್ಲಾ ರೆಜ್ 4 ಇಟ್ಟು ಅದನ್ನ ಸಬ್‌ರುಟೀನ್ ಮಾಡಿ. ಆಗ ರನ್ನರ್ ಮುಂದೆ ಎರಡು ದಾರಿ: 4 ಕ್ರೆಡಿಟ್ ಕೊಟ್ಟು ಎರಡನ್ನೂ ಒಡೆಯೋದು, ಅಥವಾ 3 ಕೊಟ್ಟು ಕ್ಲಿಕ್ ಬಿಡೋದು.

ಗುದ್ದಲಿಯ ತೊಂದರೆ ಬೇರೆ. ಅದು ಬಲವಾಗಿದೆ ಅನ್ನೋದಕ್ಕಿಂತ, ಎಲ್ಲ ಐಸ್ ಎದುರೂ ಕೊರೋಡರ್‌ನಷ್ಟೇ ಇಲ್ಲಾ ಅದಕ್ಕಿಂತ ಒಳ್ಳೇದು, ಬೆಲೆಯೂ ಅಷ್ಟೇ. ಹಾಗಾದ್ರೆ ಡೆಕ್ ಕಟ್ಟೋವಾಗ ಯೋಚನೆಯೇ ಬೇಕಿಲ್ಲ. ಹೊಸ ಬ್ರೇಕರ್ ಕೆಲವು ಐಸ್‌ಗೆ ಅಗ್ಗ, ಕೆಲವಕ್ಕೆ ದುಬಾರಿ ಆಗಬೇಕು. ಇದನ್ನ ನೋಡಿ: ಬೆಲೆ 3, ಬಲ 1, 1 ಕ್ರೆಡಿಟ್‌ಗೆ ಒಂದು ಒಡೆತ, 2 ಕ್ರೆಡಿಟ್‌ಗೆ +3 ಬಲ. ಒಂದೇ ಸಬ್‌ರುಟೀನ್ ಇರೋ ಬ್ಯಾರಿಯರ್ ಅಂತ ಲೆಕ್ಕ ಹಾಕಿದ್ರೆ, ಬಲ 2ಕ್ಕೆ ಕೊರೋಡರ್ 1, ಗುದ್ದಲಿ 3. ಬಲ 3ಕ್ಕೆ 2 ಮತ್ತು 3. ಬಲ 4ಕ್ಕೆ ಎರಡೂ 3. ಬಲ 5ಕ್ಕೆ 4 ಮತ್ತು 5. ಬಲ 6ಕ್ಕೆ ಎರಡೂ 5. ಬಲ 7ಕ್ಕೆ ಕೊರೋಡರ್ 6, ಗುದ್ದಲಿ 5. ಸಣ್ಣ ಗೋಡೆಗೆ ಒದ್ದಾಟ, ದೊಡ್ಡ ಗೋಡೆಗೆ ಲಾಭ. ಹೆಸರಿಗೂ ಹೊಂದುತ್ತೆ.

ಇನ್‌ಫ್ಲುಯೆನ್ಸ್ 1 ಬೇಡ. ಸಾಮಾನ್ಯ ಐಡೆಂಟಿಟಿಗೆ (ಆಟಗಾರನ ಪಾತ್ರದ ಕಾರ್ಡು) 15 ಇನ್‌ಫ್ಲುಯೆನ್ಸ್ ಇರುತ್ತೆ, ಒಂದೊಂದಕ್ಕೆ ಒಳ್ಳೆ ಬ್ರೇಕರ್ ಸಿಕ್ಕಿದ್ರೆ ಶೇಪರ್, ಕ್ರಿಮಿನಲ್ ಎಲ್ಲರೂ ಹಾಕ್ಕೋತಾರೆ. ಕೊರೋಡರ್‌ನ ಹಾಗೆ 2 ಇರಲಿ.

ಸಬ್‌ರುಟೀನ್_ಸುಬ್ಬಣ್ಣ:

ಮೇಲಿನ ಲೆಕ್ಕಕ್ಕೆ ಒಂದು ತಿದ್ದುಪಡಿ. ಕಳೆದುಕೊಳ್ಳುವ ಕ್ಲಿಕ್ ಯಾವಾಗಲೂ ಒಂದು ಕ್ರೆಡಿಟ್‌ಗೆ ಸಮ ಅಲ್ಲ. ಕೊನೆಯ ಕ್ಲಿಕ್‌ನಲ್ಲಿ ರನ್ ಮಾಡಿದವನ ಕೈಯಲ್ಲಿ ಕ್ಲಿಕ್ಕೇ ಉಳಿದಿರುವುದಿಲ್ಲ, ಅವನಿಗೆ ರಾಜಕಾಲುವೆಯ ಆ ಸಾಲು ಲೆಕ್ಕಕ್ಕೇ ಇಲ್ಲ. ಆದ್ದರಿಂದ ರೆಜ್ 5 ಜಾಸ್ತಿಯಾಯಿತು, ಸಬ್‌ರುಟೀನ್ ಮಾಡಿ 4 ಇಡುವುದೇ ಸರಿ. ಹಾಗೆ ಮಾಡುವಾಗ ಕ್ರಮ ನೋಡಿಕೊಳ್ಳಿ. ಸಬ್‌ರುಟೀನ್‌ಗಳು ಮೇಲಿನಿಂದ ಕೆಳಗೆ ನಡೆಯುತ್ತವೆ. "ರನ್ ಮುಗಿಸು" ಮೇಲಿದ್ದರೆ ಕ್ಲಿಕ್ ಕಳೆಯುವ ಸಾಲಿಗೆ ಸರದಿಯೇ ಬರುವುದಿಲ್ಲ. ಎನಿಗ್ಮಾದಲ್ಲೂ ಕ್ಲಿಕ್ ನಷ್ಟ ಮೇಲೆ, ರನ್ ಮುಗಿಸುವುದು ಕೆಳಗೆ.

ಸಂತೆ. ಆರ್ಕೈವ್ಸ್ (ಕಾರ್ಪ್ ಬಿಸಾಡಿದ ಕಾರ್ಡುಗಳ ಸರ್ವರ್) ಮುಂದೆ ಐಸ್ ಇಲ್ಲದಿದ್ದರೆ ಪ್ರತಿ ಕ್ಲಿಕ್‌ಗೆ ಒಂದು ಕ್ರೆಡಿಟ್, ಒಂದು ಕಾರ್ಡು. ಮೂರು ಪ್ರತಿ ಹಾಸಿಕೊಂಡರೆ ಒಂದು ಕ್ಲಿಕ್‌ಗೆ ಮೂರು ಕ್ರೆಡಿಟ್, ಮೂರು ಕಾರ್ಡು. ಹೋಲಿಕೆಗೆ ಮ್ಯಾಗ್ನಮ್ ಓಪಸ್: ಕ್ಲಿಕ್‌ಗೆ 2 ಕ್ರೆಡಿಟ್ ಕೊಡುತ್ತದೆ, ಆದರೆ ಬೆಲೆ 5, ನಾಲ್ಕರಲ್ಲಿ ಎರಡು ಮೆಮೊರಿ ನುಂಗುತ್ತದೆ. ಡೆಸ್ಪರಾಡೊ ಪ್ರತಿ ಯಶಸ್ವಿ ರನ್‌ಗೆ ಬರೀ ಒಂದು ಕ್ರೆಡಿಟ್ ಕೊಡುತ್ತಿತ್ತು. ಬೆಲೆ 3, ಕನ್ಸೋಲ್ ಆದ್ದರಿಂದ ಒಂದೇ ಇಡಬಹುದು. ಅಷ್ಟಿದ್ದರೂ ಅದು ಆಟದ ಹಿಂದಿನ ಪ್ರಕಾಶಕರಾದ ಫ್ಯಾಂಟಸಿ ಫ್ಲೈಟ್‌ನವರ ಮೊದಲ ಮೋಸ್ಟ್ ವಾಂಟೆಡ್ ಪಟ್ಟಿಗೇ (ಅತಿ ಬಲದ ಕಾರ್ಡುಗಳಿಗೆ ಮಿತಿ ಹಾಕುವ ಪಟ್ಟಿ) ಸೇರಿತು. ನಿಮ್ಮದು ಅದರ ಎರಡರಷ್ಟು ಕೊಡುತ್ತದೆ, ಮೂರರಲ್ಲೊಂದು ಪಾಲು ಬೆಲೆಗೆ.

ಮೂರು ಬೀಗ ಹಾಕಿ. ಯೂನಿಕ್ ಚಿಹ್ನೆ ಇಡಿ (ಒಮ್ಮೆಗೆ ಒಂದೇ ಪ್ರತಿ ಹಾಸುವ ಹಾಗೆ). "ಪ್ರತಿ ಸರದಿಯಲ್ಲಿ ಮೊದಲ ಸಲ" ಅನ್ನಿ. ಎಚ್‌ಕ್ಯೂ (ಕಾರ್ಪ್‌ನ ಕೈ) ಅಥವಾ ಆರ್ ಅಂಡ್ ಡಿ (ಕಾರ್ಪ್‌ನ ಡೆಕ್) ಮೇಲಿನ ರನ್‌ಗೆ ಮಾತ್ರ ಕೊಡಿ. ಇಷ್ಟಾದ ಮೇಲೆ ಬೆಲೆ 2 ಇಟ್ಟು "1 ಕ್ರೆಡಿಟ್ ತಗೋ ಅಥವಾ 1 ಕಾರ್ಡ್ ಎಳ್ಕೋ" ಅಂದರೆ ಸಾಕು. "ಆದಾಗಲೆಲ್ಲ" ಎಂಬ ಮಾತು ಬಂದ ಕಾರ್ಡನ್ನೆಲ್ಲ ಅನುಮಾನದಿಂದಲೇ ನೋಡಬೇಕು. ಸ್ವಂತ ಕಾರ್ಡುಗಳಲ್ಲಿ ಸಿಗುವ ಕೊನೆಯಿಲ್ಲದ ಸುತ್ತುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಂದಲೇ.

ಕೆರೆ ಒತ್ತುವರಿ. 3 ಅಡ್ವಾನ್ಸ್‌ಗೂ 4 ಅಡ್ವಾನ್ಸ್‌ಗೂ ಒಂದೇ ಕ್ರೆಡಿಟ್ ವ್ಯತ್ಯಾಸ ಅಂತ ಕಾಣುತ್ತದೆ, ಹಾಗಲ್ಲ. ಕಾರ್ಪ್‌ಗೆ ಸರದಿಗೆ 3 ಕ್ಲಿಕ್. ಮೂರರ ಅಜೆಂಡಾ ಆದರೆ ಈ ಸರದಿಯಲ್ಲಿ ಸುಮ್ಮನೆ ಮಗುಚಿ ಇಟ್ಟು, ಮುಂದಿನ ಸರದಿಯಲ್ಲಿ ಮೂರೂ ಕ್ಲಿಕ್ ಹಾಕಿ ಸ್ಕೋರ್ ಮಾಡಬಹುದು. ರನ್ನರ್ ಕಣ್ಣಿಗೆ ಒಂದು ಅಡ್ವಾನ್ಸ್ ಟೋಕನ್ ಕೂಡ ಬೀಳುವುದಿಲ್ಲ, ಅದು ಅಸೆಟ್ಟೋ ಅಜೆಂಡಾವೋ ಗೊತ್ತಾಗುವುದಿಲ್ಲ. ನಾಲ್ಕರದ್ದಾದರೆ ಇಟ್ಟ ಸರದಿಯಲ್ಲೇ ಕನಿಷ್ಠ ಒಂದು ಟೋಕನ್ ಹಾಕಬೇಕು, ಗುಟ್ಟು ರಟ್ಟಾಗುತ್ತದೆ. ಅದಕ್ಕೇ 7 ಕ್ರೆಡಿಟ್ ಕೊಡುವ ಆಫ್‌ವರ್ಲ್ಡ್ ಆಫೀಸ್ 4 ಅಡ್ವಾನ್ಸ್‌ಗೆ 2 ಪಾಯಿಂಟ್. ಹಾಸ್ಟೈಲ್ ಟೇಕ್‌ಓವರ್ ಕೂಡ 7 ಕ್ರೆಡಿಟ್ ಕೊಡುತ್ತದೆ, ಆದರೆ 2 ಅಡ್ವಾನ್ಸ್‌ಗೆ ಒಂದೇ ಪಾಯಿಂಟ್, ಜೊತೆಗೆ ಒಂದು ಬ್ಯಾಡ್ ಪಬ್ಲಿಸಿಟಿ. ನೀವು 3ಕ್ಕೆ 2 ಪಾಯಿಂಟ್ ಇಟ್ಟುಕೊಳ್ಳುವುದಾದರೆ 5 ಕ್ರೆಡಿಟ್ ತೆಗೆಯಿರಿ. ಕ್ರೆಡಿಟ್ ಬೇಕೇ ಬೇಕು ಅಂದರೆ ಬ್ಯಾಡ್ ಪಬ್ಲಿಸಿಟಿ ಸೇರಿಸಿ. ಕೆರೆ ನುಂಗಿದವರಿಗೆ ಅಷ್ಟಾದರೂ ಕೆಟ್ಟ ಹೆಸರು ಬರಲಿ!

ಪ್ಯಾಕಿನಲ್ಲಿ ಇನ್ನೆಷ್ಟು ಅಜೆಂಡಾ ಇವೆಯೋ ಬರೆದಿಲ್ಲ. 45ರಿಂದ 49 ಕಾರ್ಡಿನ ಕಾರ್ಪ್ ಡೆಕ್‌ನಲ್ಲಿ 20 ಅಥವಾ 21 ಪಾಯಿಂಟ್ ಇರಲೇಬೇಕು. 3 ಅಡ್ವಾನ್ಸ್‌ಗೆ 2 ಪಾಯಿಂಟ್ ಕೊಡುವ ಅಜೆಂಡಾಗಳು ಜಾಸ್ತಿಯಾದಷ್ಟೂ ಕಾರ್ಪ್ ಇಡೀ ಆಟವನ್ನು ಹೀಗೆ ಮರೆಯಲ್ಲೇ ಮುಗಿಸುತ್ತದೆ.

ಭಾರತವನ್ನು ಹಿನ್ನೆಲೆಯಾಗಿ ಇಟ್ಟುಕೊಂಡ ನೆಟ್‌ರನ್ನರ್‌ನ ಮುಂಬಾದ್ ಸರಣಿಯನ್ನು ಒಮ್ಮೆ ತಿರುವಿ ಹಾಕಿ. ಅದರ ಮ್ಯೂಸಿಯಂ ಆಫ್ ಹಿಸ್ಟರಿ ಪ್ರತಿ ಸರದಿ ಆರ್ಕೈವ್ಸ್‌ನಿಂದ ಒಂದು ಕಾರ್ಡನ್ನು ಆರ್ ಅಂಡ್ ಡಿಗೆ ಮರಳಿಸುತ್ತದೆ. ಓದುವಾಗ ಸಾಧು ಕಾರ್ಡು. ಮೇಜಿನ ಮೇಲೆ ಕಾರ್ಪ್ ಡೆಕ್ ಬರಿದಾಗುವುದೇ ಇಲ್ಲ, ಟ್ರ್ಯಾಶ್ ಮಾಡಿದ ಅಸೆಟ್ ಮತ್ತೆ ಮತ್ತೆ ಬರುತ್ತದೆ, ಆಟ ಎಳೆದುಕೊಂಡು ಹೋಗುತ್ತದೆ. ಕಾರ್ಡು ಗೆಲ್ಲಿಸುತ್ತದೋ ಇಲ್ಲವೋ ಅನ್ನುವುದರ ಜೊತೆ ಆಟವನ್ನು ಎಷ್ಟು ಉದ್ದ ಮಾಡುತ್ತದೆ ಅನ್ನುವುದನ್ನೂ ನೋಡಬೇಕು.

ಕೆರೆಏರಿ:

ಇಬ್ಬರಿಗೂ ಥ್ಯಾಂಕ್ಸ್. ರಾಜಕಾಲುವೆ 4ಕ್ಕೆ, ಸಂತೆ ಮೂರು ಬೀಗದ ಜೊತೆ. ಗುದ್ದಲಿ ಲೆಕ್ಕ ಹಾಗೇ ತಗೋತೀನಿ. ಒತ್ತುವರಿಗೆ ಬ್ಯಾಡ್ ಪಬ್ಲಿಸಿಟಿ ಹಾಕ್ತೀನಿ. ಇನ್ನು ಬರಹ: ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳ್ತಿವೆ. ಕಾರ್ಡಿನ ಅಂಚೂ ಕಟಿಂಗ್‌ನಲ್ಲಿ ಒಂದೊಂದು ಕಡೆ ಬಿಳಿ ಕಾಣ್ತಿದೆ.

ಅಚ್ಚುಮೊಳೆ:

ಒತ್ತಕ್ಷರ ಒಡೆಯೋದು ಫಾಂಟಿನ ತಪ್ಪಲ್ಲ. ನಿಮ್ಮ ಫೋಟೋಶಾಪ್‌ನ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಅಂತ ಇದ್ರೆ ಆನ್ ಮಾಡಿ (ಹಳೇ ಆವೃತ್ತಿಗಳಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಂತಿರುತ್ತೆ), ಆಮೇಲೆ ಆ ಪಠ್ಯವನ್ನ ಹೊಸದಾಗಿ ಪೇಸ್ಟ್ ಮಾಡಿ. ಇಂಕ್‌ಸ್ಕೇಪ್‌ನಲ್ಲಿ ಈ ತಲೆನೋವೇ ಇಲ್ಲ. ಹನ್ನೆರಡೂ ಕಾರ್ಡು ಒಂದೇ ಚೌಕಟ್ಟಿನವಾದ್ರೆ ಸ್ಕ್ವಿಬ್ (ಕಾರ್ಡು ತಯಾರಿಸೋ ತಂತ್ರಾಂಶ) ಇನ್ನೂ ಸಲೀಸು. ಸ್ಪ್ರೆಡ್‌ಶೀಟಿನ ಒಂದು ಸಾಲಿಗೆ ಒಂದು ಕಾರ್ಡು, ಬೆಲೆ ಬದಲಾದ್ರೆ ಆ ಒಂದು ಕೋಶ ತಿದ್ದಿ ಮತ್ತೆ ಓಡಿಸಿದ್ರಾಯ್ತು. ಅದು ಅಕ್ಷರ ಜೋಡಣೆಗೆ ಪ್ಯಾಂಗೋ ಬಳಸೋದ್ರಿಂದ ಕನ್ನಡ ಸರಿಯಾಗೇ ಕೂರುತ್ತೆ. ಹಳೇ ಆಸ್ಕಿ ಫಾಂಟ್ ಬೇಡ, ಯೂನಿಕೋಡ್‌ನಲ್ಲೇ ಇರಲಿ: ಅನೆಕ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ ಎರಡೂ ಸಣ್ಣ ಅಳತೆಯಲ್ಲಿ ಓದೋಕೆ ಬರ್ತವೆ. ನಿಯಮದ ಸಾಲು 7.5 ಪಾಯಿಂಟ್‌ಗಿಂತ ಇಳಿಸಬೇಡಿ, ಸಾಲಿನ ಅಂತರ 135 ಶೇಕಡಾ ಆದ್ರೂ ಇಡಿ. ಇಲ್ಲದಿದ್ರೆ "ಸ್ಕ್ರಿ", "ಷ್ಟ್ಯ" ಥರದವು ಕೆಳಗಿನ ಸಾಲಿನ ಗುಡಿಸು, ಏತ್ವಕ್ಕೆ ತಗುಲ್ತವೆ.

ಬಿಳಿ ಅಂಚಿಗೆ ಕಾರಣ ಬ್ಲೀಡ್ (ಕತ್ತರಿಸೋ ಗೆರೆಯ ಆಚೆಗೂ ಹರಡಿರೋ ಚಿತ್ರ) ಇಲ್ಲದಿರೋದು. ಕಾರ್ಡು 63×88 ಮಿಮೀ. ಸುತ್ತಲೂ 3 ಮಿಮೀ ಬ್ಲೀಡ್ ಸೇರಿಸಿದ್ರೆ 69×94, ಅಂದ್ರೆ 300 ಡಿಪಿಐನಲ್ಲಿ 815×1110 ಪಿಕ್ಸೆಲ್. ಹಿನ್ನೆಲೆ ಚಿತ್ರ ಅಲ್ಲೀತನಕ ಹರಡಿರಬೇಕು. ಬೆಲೆ, ಬಲ, ಇನ್‌ಫ್ಲುಯೆನ್ಸ್ ಚುಕ್ಕಿ ಇವೆಲ್ಲ ಕತ್ತರಿಸೋ ಗೆರೆಯಿಂದ 3 ಮಿಮೀ ಒಳಗಿರಲಿ.

ಡಿಜಿಟಲ್ ಪ್ರಿಂಟ್ ಅಂಗಡಿಗಳಲ್ಲಿ ಸಿಗೋದು 12×18 ಇಂಚಿನ ಶೀಟು. ಬ್ಲೀಡ್ ಸಮೇತ ಕಾರ್ಡನ್ನ ಅಡ್ಡ ಮಲಗಿಸಿ ಮೂರರಂತೆ ಆರು ಸಾಲು ಇಟ್ರೆ 18 ಕೂರುತ್ತೆ, ನೆಟ್ಟಗೆ ನಿಲ್ಲಿಸಿದ್ರೆ 16 ಮಾತ್ರ. 300 ಜಿಎಸ್ಎಂ ಆರ್ಟ್ ಕಾರ್ಡ್ ಕೇಳಿ. ಗಾಢ ಬಣ್ಣದ ಅಂಚಿದ್ರೆ ಕತ್ತರಿಸೋವಾಗ ಟೋನರ್ ಚಕ್ಕೆ ಏಳುತ್ತೆ, ಅದಕ್ಕೆ ಮೊದಲು ಎರಡೂ ಕಡೆ ಮ್ಯಾಟ್ ಲ್ಯಾಮಿನೇಷನ್, ಆಮೇಲೆ ಕಟಿಂಗ್. ಒಂದೇ ಕಡೆ ಮಾಡಿಸಿದ್ರೆ ಕಾರ್ಡು ಸೊಟ್ಟಗಾಗುತ್ತೆ. ಸಣ್ಣಕ್ಷರ ಬರೀ ಕಪ್ಪೊಂದರಲ್ಲೇ ಇರಲಿ, ನಾಲ್ಕು ಬಣ್ಣ ಸೇರಿದ ಕಪ್ಪಾದ್ರೆ ಒಂದು ಕೂದಲೆಳೆ ಜರುಗಿದ್ರೂ ಅಕ್ಷರಕ್ಕೆ ನೆರಳು ಬರುತ್ತೆ. ಪಿಡಿಎಫ್ ಕೊಡೋ ಮುಂಚೆ ಪಠ್ಯವನ್ನೆಲ್ಲ ಔಟ್‌ಲೈನ್‌ಗೆ ಬದಲಿಸಿ, ಅಂಗಡಿಯವರ ಯಂತ್ರದಲ್ಲಿ ನಿಮ್ಮ ಫಾಂಟ್ ಇರೋಲ್ಲ.

ಹಿಂಬದಿಗೆ ಅಧಿಕೃತ ಕಾರ್ಡಿನ ಚಿತ್ರ ಹಾಕಬೇಡಿ. ಮುಂದೆ ಕೆಳಗಡೆ "ಅಭಿಮಾನಿ ಕಾರ್ಡು" ಅಂತ ಸಣ್ಣದಾಗಿ ಇರಲಿ. ಹಿಂಬದಿ ಕಾಣದ ಸ್ಲೀವ್ ಹಾಕಿದ್ಮೇಲೆ ಆಟಕ್ಕೇನೂ ತೊಂದರೆ ಇಲ್ಲ.

ಟೋಲ್‌ಬೂತ್:

ಇಷ್ಟೆಲ್ಲ ಅಚ್ಚು ಹಾಕಿಸೋದು ಸಂಖ್ಯೆ ನಿಂತ ಮೇಲೆ. ಅಲ್ಲೀತನಕ ಮಾಮೂಲಿ ಜೆರಾಕ್ಸ್ ಕಾಗದದಲ್ಲಿ ಪ್ರಿಂಟ್ ತೆಗೆದು, ಸ್ಲೀವ್ ಒಳಗೆ ಹಳೇ ಕಾರ್ಡಿನ ಮುಂದೆ ತುರುಕಿ ಆಡಿ. ಹಿಂದೆ ಇಸ್ಪೀಟ್ ಎಲೆ ಇಡೋದಾದ್ರೆ 57 ಮಿಮೀ ಅಗಲದ ಬ್ರಿಡ್ಜ್ ಅಳತೆಯದ್ದು ಬೇಡ, ಕಲೆಸೋವಾಗ ಒಳಗೆ ಜಾರಾಡಿ ಯಾವುದು ಪರೀಕ್ಷೆ ಕಾರ್ಡು ಅಂತ ಕೈಗೇ ಗೊತ್ತಾಗುತ್ತೆ. ದೂರದವರ ಜೊತೆ ಟೇಬಲ್‌ಟಾಪ್ ಸಿಮ್ಯುಲೇಟರ್‌ನಲ್ಲಿ ಆಡೋದಾದ್ರೆ ಹನ್ನೆರಡೂ ಕಾರ್ಡನ್ನ 4×3 ಹಾಳೆ ಮಾಡಿ. 10×7 ಹಾಳೆಗೆ ಹಾಕಿದ್ರೆ ಒಂದೊಂದು ಕಾರ್ಡಿಗೆ ಸಿಗೋ ಪಿಕ್ಸೆಲ್ ಕಮ್ಮಿಯಾಗಿ ಒತ್ತಕ್ಷರ ಕಲಸಿಹೋಗ್ತವೆ.

ಪರೀಕ್ಷೆಗೆ ಸಿಸ್ಟಮ್ ಗೇಟ್‌ವೇ ಅನ್ನೋ ಹೊಸಬರ ಪೆಟ್ಟಿಗೆಯ ಕಲಿಕೆ ಡೆಕ್ ಬೇಡ. ಅದರಲ್ಲಿ ಆಟ 6 ಪಾಯಿಂಟ್‌ಗೇ ಮುಗಿಯುತ್ತೆ, ಒತ್ತುವರಿಯ ಲೆಕ್ಕ ತಪ್ಪುತ್ತೆ. 7 ಪಾಯಿಂಟಿನ ಪೂರ್ಣ ಡೆಕ್ ತಗೊಂಡು, ನಿಮ್ಮಿಬ್ಬರಿಗೂ ಕೈ ಪಳಗಿದ್ದನ್ನೇ ಆರಿಸಿ, ಅದರಲ್ಲಿ ಮೂರು ಕಾರ್ಡು ತೆಗೆದು ಪರೀಕ್ಷಿಸೋ ಕಾರ್ಡಿನ ಮೂರು ಪ್ರತಿ ಹಾಕಿ. ಕಾರ್ಡು ಕೈಗೆ ಬರೋ ತನಕ ಕಾಯಬೇಡಿ, ಮೊದಲ ಐದರಲ್ಲಿ ಒಂದನ್ನ ಬೇಕಂತಲೇ ಇಟ್ಕೊಂಡು ಶುರುಮಾಡಿ. ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ಒಂದೇ ಸಂಖ್ಯೆ ಬದಲಾಗಲಿ. ಬೆಲೆ, ಬಲ ಎರಡನ್ನೂ ಒಟ್ಟಿಗೆ ತಿದ್ದಿದ್ರೆ ಯಾವುದರಿಂದ ಸರಿಹೋಯ್ತು ಅಂತ ತಿಳಿಯೋಲ್ಲ. ಗುದ್ದಲಿಯನ್ನಂತೂ ಸಣ್ಣ ಗೋಡೆಗಳೇ ತುಂಬಿರೋ ಕಾರ್ಪ್ ಎದುರು ಮೊದಲು ಆಡಿ. ಅಲ್ಲೂ ಜನ ಕೊರೋಡರ್ ಬಿಟ್ಟು ಅದನ್ನೇ ಕೇಳ್ತಿದ್ರೆ ಬೆಲೆ 4 ಮಾಡಿ, ಬಲ ಮುಟ್ಟಬೇಡಿ.