ಹಾಸನದಲ್ಲಿ ಕುಳಿತು ಇಂದಿನ ಕಲೆಯನ್ನು ನೋಡುವುದು ಹೇಗೆ? – ಅನುಭವ ಹಂಚಿಕೆ

ಪ್ರಶ್ನೆ, ಹಾಸನದಿಂದ

ನಾನು ಹಾಸನದ ಒಂದು ಪ್ರೆಸ್ಸಿನಲ್ಲಿ ಆರು ವರ್ಷಗಳಿಂದ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸ್, ಕಾಫಿಪುಡಿ ಪೊಟ್ಟಣದ ಲೇಬಲ್ ಇವೇ ನನ್ನ ದಿನಚರಿ. ಮೊನ್ನೆ ಒಂದೇ ವಾರದಲ್ಲಿ ಮೂರು ಮನೆಯವರ ಲಗ್ನಪತ್ರಿಕೆಗೆ ಅದೇ ಬಾಳೆಕಂಬ, ಅದೇ ಓಲಗದವರು, ಅದೇ ಗಣಪತಿಯನ್ನು ಕೂರಿಸಿ ಮುಗಿಸಿದಾಗ ನನಗೇ ನಾಚಿಕೆಯಾಯಿತು. ಈಗಿನ ಕಲಾವಿದರು, ಪುಸ್ತಕಗಳಿಗೆ ಚಿತ್ರ ಬರೆಯುವವರು, ವಿನ್ಯಾಸಕಾರರು ಏನು ಮಾಡುತ್ತಿದ್ದಾರೆಂದು ನೋಡಬೇಕೆಂಬ ಆಸೆಯಿದೆ. ಇಲ್ಲಿ ವರ್ಷವಿಡೀ ಅಂಥದ್ದನ್ನು ತೋರಿಸುವ ಗ್ಯಾಲರಿ ನನಗೆ ಸಿಕ್ಕಿಲ್ಲ; ಮೊಬೈಲಿನಲ್ಲಿ ಹುಡುಕಿದರೆ ಸಾವಿರ ಚಿತ್ರಗಳು ಬಂದು ಹೋಗುತ್ತವೆ, ರಾತ್ರಿ ಮಲಗುವ ಹೊತ್ತಿಗೆ ಒಂದೂ ನೆನಪಿರುವುದಿಲ್ಲ. ನೀವೆಲ್ಲ ಹೇಗೆ ಹುಡುಕುತ್ತೀರಿ, ಎಲ್ಲಿ ನೋಡುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಚಿಕ್ಕಮಗಳೂರಿನಿಂದ, ನಿವೃತ್ತ ಚಿತ್ರಕಲಾ ಶಿಕ್ಷಕ

ನಿಮ್ಮ ಮಾತನ್ನು ಓದಿದಾಗ ನನ್ನದೇ ಹಳೆಯ ತಪ್ಪೊಂದು ನೆನಪಾಯಿತು. 31 ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದ ನಾನು, ವಾರಪತ್ರಿಕೆಗಳಲ್ಲಿಯೂ ದೀಪಾವಳಿ ವಿಶೇಷಾಂಕಗಳಲ್ಲಿಯೂ ಕಂಡ ಒಳ್ಳೆಯ ಚಿತ್ರಗಳನ್ನೆಲ್ಲ ಕತ್ತರಿಸಿ ಹಳೆಯ ಲೆಡ್ಜರ್ ಪುಸ್ತಕಗಳಿಗೆ ಅಂಟಿಸುತ್ತಿದ್ದೆ. ಅಂಥ ಮೂರು ಪುಸ್ತಕಗಳು ಇಂದಿಗೂ ಮನೆಯಲ್ಲಿವೆ. ಆದರೆ ಅಂಚು ಅಂದವಾಗಿ ಬರಲೆಂದು ಕತ್ತರಿಸುವಾಗ ಮೂಲೆಯಲ್ಲಿದ್ದ ಸಹಿಯನ್ನೂ ಕೆಳಗಿದ್ದ ಹೆಸರಿನ ಸಾಲನ್ನೂ ಕಸದ ಬುಟ್ಟಿಗೆ ಹಾಕುತ್ತಿದ್ದೆ. ನಾಲ್ಕೈದು ಗೆರೆಗಳಲ್ಲೇ ತಿರುಗಿ ನಿಂತ ನರ್ತಕಿಯೊಬ್ಬಳ ಚಿತ್ರ ಅದರಲ್ಲಿತ್ತು. ಮಕ್ಕಳಿಗೆ ಹತ್ತಾರು ಬಾರಿ ತೋರಿಸಿದ್ದೇನೆ, ಬರೆದವರು ಯಾರು ಸಾರ್ ಎಂದು ಒಬ್ಬ ಹುಡುಗ ಕೇಳಿದಾಗ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಬಹಳ ವರ್ಷಗಳ ಮೇಲೆ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಅದೇ ಕೈಯ ಗೆರೆ ಕಂಡು ಗಕ್ಕನೆ ನಿಂತೆ. ಅದು ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಗೆರೆ. ಆ ಹೆಸರು ಮೊದಲೇ ಕೈಗೆ ಸಿಕ್ಕಿದ್ದರೆ ಅವರ ಇತರ ಚಿತ್ರಗಳನ್ನೂ, ಅವರ ಓರಗೆಯವರನ್ನೂ, ಅವರ ನಂತರ ಬಂದವರನ್ನೂ ಹುಡುಕಿಕೊಂಡು ಹೋಗಬಹುದಿತ್ತು. ನಾನು ಒಂದು ಚಿತ್ರಕ್ಕೇ ನಿಂತುಬಿಟ್ಟಿದ್ದೆ.

ಆದ್ದರಿಂದ ನನ್ನ ಸಲಹೆ ಬಹಳ ಸಣ್ಣದು. ಚಿತ್ರವನ್ನು ಸಂಗ್ರಹಿಸಬೇಡಿ, ಹೆಸರನ್ನು ಸಂಗ್ರಹಿಸಿ. ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡು ವಾರಕ್ಕೆ ಒಬ್ಬರೇ ಕಲಾವಿದರ ಹೆಸರು ಬರೆದು, ಅವರ ಹತ್ತು ಕೃತಿಗಳನ್ನಾದರೂ ನೋಡಿ, ನಿಮಗೆ ಹಿಡಿಸಿದ್ದೇನು, ಹಿಡಿಸದೆ ಹೋದದ್ದೇನು ಎಂದು ಮೂರು ಸಾಲು ಬರೆಯಿರಿ. ಆಮೇಲೆ ಅವರು ಎಲ್ಲಿ ಕಲಿತರು, ಯಾರೊಡನೆ ಪ್ರದರ್ಶನ ಮಾಡಿದರು ಎಂದು ನೋಡಿದರೆ ಮುಂದಿನ ವಾರದ ಹೆಸರು ತಾನಾಗಿಯೇ ಸಿಗುತ್ತದೆ.

ಆರಂಭಕ್ಕೆ ಒಂದು ಹೆಸರು ಹೇಳುತ್ತೇನೆ. ಶೀಲಾ ಗೌಡ ಅವರು 1957ರಲ್ಲಿ ನಮ್ಮ ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತವರು. ಮೊದಲು ವರ್ಣಚಿತ್ರ ಬರೆಯುತ್ತಿದ್ದ ಇವರು 1990ರ ದಶಕದಲ್ಲಿ ಸಗಣಿ, ಕುಂಕುಮ, ದಾರಗಳನ್ನು ಕೈಗೆತ್ತಿಕೊಂಡರು. ನೀವು ಹಾಸನದ ಬಿ.ಎಂ. ರಸ್ತೆಯಲ್ಲಿ ನಿಂತರೆ ಲಾರಿ, ಟೆಂಪೋಗಳ ಮುಂದಿನ ಬಂಪರಿಗೆ ದೃಷ್ಟಿ ತಾಗದಿರಲೆಂದು ಕಟ್ಟಿದ ಕರಿಹಗ್ಗವನ್ನು ಕಾಣಬಹುದಲ್ಲವೇ? ಮನುಷ್ಯರ ಕೂದಲಿನಿಂದ ಹೊಸೆದ ಅಂಥ ಹಗ್ಗವನ್ನೇ ರಾಶಿರಾಶಿಯಾಗಿ ತಂದು, ಅದರಿಂದ ಕಾರಿನ ಉಕ್ಕಿನ ಬಂಪರುಗಳನ್ನು ಗೋಡೆಗೆ ತೂಗುಹಾಕಿ ಅವರು ಮಾಡಿದ 'ಬಿಹೋಲ್ಡ್' ಎಂಬ ಕೃತಿ 2009ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಮೇಳದಲ್ಲಿ ಪ್ರದರ್ಶನಗೊಂಡಿತು. ಈಗ ಅದು ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ. ಭಾರವಾದ ಉಕ್ಕನ್ನು ಹಗುರವಾದ ಕೂದಲು ಹೊತ್ತು ನಿಂತಿರುವುದನ್ನು ಚಿತ್ರದಲ್ಲಿ ನೋಡಿದ ಮೇಲೆ ನನಗಂತೂ ಲಾರಿಯ ಮುಂಭಾಗ ಮೊದಲಿನಂತೆ ಕಾಣಲಿಲ್ಲ. ದಿನವೂ ಕಾಣುವ ವಸ್ತು ಹೊಸದಾಗಿ ಕಾಣುವಂತೆ ಮಾಡುವ ಕಲೆಯನ್ನು ಹುಡುಕುತ್ತಿದ್ದರೆ ಇಲ್ಲಿಂದ ಹೊರಡಬಹುದು.

ಅಲ್ಲಿಂದ ಎಲ್.ಎನ್. ತಲ್ಲೂರರ ಬಳಿಗೆ ಹೋಗಿ. ಕುಂದಾಪುರ ಸೀಮೆಯ ಕೋಟೇಶ್ವರದವರು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದಿದವರು. ನೋಡಲು ಬಂದವರ ಕೈಗೇ ಸುತ್ತಿಗೆ ಕೊಟ್ಟು ಮರದ ದಿಮ್ಮಿಗೆ ನಾಣ್ಯ ಹೊಡೆಯಿಸುವಂಥ ಕೃತಿ ಅವರದು. ಕನ್ನಡದಲ್ಲೇ ಕಲೆಯ ಬಗ್ಗೆ ಓದಬೇಕೆಂದಿದ್ದರೆ ರವಿಕುಮಾರ್ ಕಾಶಿಯವರ ಬರಹಗಳನ್ನು ಹುಡುಕಿರಿ. ಕೈಕಾಗದದಿಂದ ಕೃತಿಗಳನ್ನು ರಚಿಸುವ ಅವರು ಕಲಾವಿದರಾಗಿದ್ದುಕೊಂಡೇ ಬರೆಯುವುದರಿಂದ ಮಾತು ತೂಕ ತಪ್ಪುವುದಿಲ್ಲ.

ಒಂದು ಮಾತು ವಿಷಯದಿಂದ ಕೊಂಚ ಆಚೆಗೆ ಹೋದಂತೆ ಕಂಡರೂ ಹೇಳಿಬಿಡುತ್ತೇನೆ. ಹೆಸರಿನ ಹುಚ್ಚು ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೊರೆದಿದ್ದಾರೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ದೇಗುಲದ ಗುಮ್ಮಟದಂಥ ಒಳಛಾವಣಿಗಳಲ್ಲಿ ಕೈ ಪಳಗಿಸಿಕೊಂಡ ಮಲ್ಲಿತಮ್ಮನ ಹೆಸರು ಸುಮಾರು ಆರು ದಶಕಗಳ ಬಳಿಕ ಸೋಮನಾಥಪುರದಲ್ಲೂ ಸಿಗುತ್ತದೆ. ಎರಡೂ ಕಡೆ ಹೆಸರಿರುವುದರಿಂದಲೇ ಒಬ್ಬ ಶಿಲ್ಪಿಯ ಕೈ ಹೇಗೆ ಬೆಳೆಯಿತೆಂದು ನಾವಿಂದು ಹೋಲಿಸಿ ನೋಡಬಹುದಾಗಿದೆ.

ಬೇಲೂರಿನಿಂದ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಕೆಲಸಕ್ಕೆ ನೇರವಾಗಿ ಒದಗುವುದು ಇಲಸ್ಟ್ರೇಶನ್ ಆದ್ದರಿಂದ ಆ ದಾರಿಯನ್ನೂ ಹೇಳುತ್ತೇನೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಮಕ್ಕಳ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಬಹುದು. ಕಥೆ ಮುಗಿದ ಮೇಲೆ ಕೊನೆಯ ಪುಟಗಳನ್ನು ಬಿಡದೆ ನೋಡಿ: ಬರೆದವರು, ಅನುವಾದಿಸಿದವರು, ಚಿತ್ರ ರಚಿಸಿದವರು, ಮೂವರ ಹೆಸರೂ ಅಲ್ಲಿರುತ್ತದೆ. ಚಿತ್ರಕಾರರ ಹೆಸರಿನ ಮೇಲೆ ಒತ್ತಿದರೆ ಅವರ ಉಳಿದ ಪುಸ್ತಕಗಳು ಸಿಗುತ್ತವೆ. ಒಬ್ಬರು ಜಲವರ್ಣದಲ್ಲಿ ಹರಿಯಬಿಟ್ಟಿರುತ್ತಾರೆ, ಇನ್ನೊಬ್ಬರು ಬಣ್ಣದ ಕಾಗದ ಕತ್ತರಿಸಿ ಅಂಟಿಸಿರುತ್ತಾರೆ, ಮತ್ತೊಬ್ಬರು ಬಟ್ಟೆಯ ಮೇಲೆ ಕಸೂತಿಯಂತೆ ಹೊಲಿದಿರುತ್ತಾರೆ. ಒಂದು ಪುಟದಲ್ಲಿ ಎಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಾರೆ ಎಂಬುದನ್ನಷ್ಟೇ ಒಂದು ಸಂಜೆ ಗಮನಿಸಿದರೂ ಸಾಕು, ನಿಮ್ಮ ಮುಂದಿನ ಲಗ್ನಪತ್ರಿಕೆಯಲ್ಲಿ ಎರಡು ಹೂಬಳ್ಳಿಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಮೊಬೈಲನ್ನು ದೂರುವವರೊಡನೆ ನನಗೆ ಸಹಮತವಿಲ್ಲ. ನಾನು ಇಲ್ಲಿ ಕುಳಿತು ಕೆಲಸ ಕಲಿತದ್ದೇ ಅದರಿಂದ. ಬಿಹಾನ್ಸ್‌ನಂಥ ತಾಣದಲ್ಲಿ ವಿನ್ಯಾಸಕಾರರು ಮುಗಿದ ಲೇಬಲ್ಲನ್ನು ಮಾತ್ರ ತೋರಿಸದೆ ಮೊದಲ ಪೆನ್ಸಿಲ್ ಗೀಚು, ಬಿಟ್ಟುಕೊಟ್ಟ ಬಣ್ಣಗಳು, ಕೊನೆಗೆ ಆರಿಸಿದ ಅಕ್ಷರ ಎಲ್ಲವನ್ನೂ ಸಾಲಾಗಿ ಇಟ್ಟಿರುತ್ತಾರೆ. ಪಿಂಟರೆಸ್ಟ್‌ನಲ್ಲಿ ಅದೇ ಲೇಬಲ್ಲಿನ ಚಿತ್ರ ಒಂಟಿಯಾಗಿ, ಅನೇಕ ಸಲ ಹೆಸರೇ ಇಲ್ಲದೆ ತೇಲುತ್ತಿರುತ್ತದೆ. ಹೆಸರಿಲ್ಲದ ಚಿತ್ರ ಇಷ್ಟವಾದರೆ ಗೂಗಲ್ ಲೆನ್ಸ್‌ಗೋ ಟಿನ್‌ಐಗೋ ಕೊಟ್ಟು ಮೂಲವನ್ನು ಹುಡುಕುತ್ತೇನೆ. ಐದು ನಿಮಿಷದಲ್ಲಿ ಸಿಗದಿದ್ದರೆ ಆ ಚಿತ್ರವನ್ನು ಬಿಟ್ಟುಬಿಡುತ್ತೇನೆ. ಈಚೆಗೆ ಯಂತ್ರವೇ ತಯಾರಿಸಿದ ಚಿತ್ರಗಳು ಹುಡುಕಾಟದ ತುಂಬ ಬೆರೆತುಹೋಗಿರುವುದರಿಂದ ಈ ಶೋಧನೆ ಹಿಂದಿಗಿಂತ ಹೆಚ್ಚು ಅಗತ್ಯವಾಗಿದೆ.

ಇದರಲ್ಲಿ ನನ್ನ ಸ್ವಂತದ ನೋವೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ನಾನು ಬರೆದ ಕಾಫಿ ಹೂವಿನ ಚಿತ್ರವೊಂದು ಎರಡು ವರ್ಷದ ಹಿಂದೆ ಒಂದು ಅಂಗಡಿಯ ಕ್ಯಾಲೆಂಡರಿನ ಮಾರ್ಚ್ ತಿಂಗಳ ಮೇಲೆ ಅಚ್ಚಾಗಿತ್ತು. ಸಹಿಯಿದ್ದ ಮೂಲೆಯ ಮೇಲೆ ಅವರ ಫೋನ್ ನಂಬರ್ ಕೂತಿತ್ತು. ವಿಚಾರಿಸಿದಾಗ, ನೆಟ್ಟಿನಲ್ಲಿ ಸಿಕ್ಕಿತು ಎಂದಷ್ಟೇ ಹೇಳಿದರು. ಸ್ಟೋರಿವೀವರಿನ ಚಿತ್ರಗಳನ್ನು ಬಳಸಲು ಅನುಮತಿಯಿದೆ, ಆದರೆ ಹೆಸರು ಹಾಕಲೇಬೇಕು ಎಂಬ ಷರತ್ತಿನ ಮೇಲೆ. ಪ್ರೆಸ್ಸಿನಲ್ಲಿರುವ ನಿಮಗೆ ಇದು ನೆನಪಿರಲಿ.

ಅರಸೀಕೆರೆಯಿಂದ

ನಮ್ಮ ತಂದೆಯವರು ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಕುಂಚ ಒಣಗಿತು, ನಾನು ಕಂಪ್ಯೂಟರಿಗೆ ಬಂದೆ. ಹಾಗಾಗಿ ನಾನು ಚಿತ್ರಕ್ಕಿಂತ ಅಕ್ಷರವನ್ನೇ ನೋಡುತ್ತೇನೆ. ಈಗಿನ ಕನ್ನಡ ಅಕ್ಷರ ವಿನ್ಯಾಸವೂ ಸಮಕಾಲೀನ ಕಲೆಯೇ ಎಂಬುದನ್ನು ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ಎಕ್ ಟೈಪ್ ತಂಡದ 'ಬಾಲೂ ತಮ್ಮ' ಎಂಬ ಅಕ್ಷರಗಳನ್ನು ತೆರೆದು ನೋಡಿ. ಆ ಕುಟುಂಬದಲ್ಲಿ ತಮಿಳಿನದಕ್ಕೆ ತಂಬಿ, ಮಲಯಾಳದ್ದಕ್ಕೆ ಚೇಟ್ಟನ್ ಎಂಬ ಹೆಸರಿದ್ದು, ನಮ್ಮ ಪಾಲಿಗೆ ತಮ್ಮ ಬಂದಿದ್ದಾನೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಜೊತೆಯಾಗಿ ರೂಪಿಸಿದ 'ಅಕಾಯ ಕನಡಕ' ಇನ್ನೂ ಸ್ವಾರಸ್ಯದ್ದು. ಗೂಗಲ್ ಫಾಂಟ್ಸ್‌ನಲ್ಲಿ ಇವೆರಡೂ ಉಚಿತ. ತಲೆಕಟ್ಟನ್ನು ಎಲ್ಲಿ ದಪ್ಪ ಮಾಡಿದ್ದಾರೆ, ಒತ್ತಕ್ಷರವನ್ನು ಸಾಲಿನ ಕೆಳಗೆ ಎಷ್ಟು ಇಳಿಸಿದ್ದಾರೆ ಎಂದು 'ಕ್ಷ', 'ಜ್ಞ', 'ಸ್ತ್ರೀ' ಇವನ್ನು ಪರದೆಯ ತುಂಬ ಹಿಗ್ಗಿಸಿ ನೋಡಿದರೆ, ನಾವು ಆರು ವರ್ಷದಿಂದ ಅದೇ 'ನುಡಿ' ತಂತ್ರಾಂಶದ ಅಕ್ಷರಗಳನ್ನು ಎಳೆದು ಉದ್ದ ಮಾಡಿ ಕೆಡಿಸುತ್ತಿದ್ದೆವೆಂಬುದು ತಿಳಿಯುತ್ತದೆ. ಪ್ರೆಸ್ಸುಗಳಲ್ಲಿ ವಿನ್ಯಾಸಕ್ಕೆ ಬಳಸುವ ಕೋರೆಲ್‌ಡ್ರಾ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಇಂಥ ಯೂನಿಕೋಡ್ ಅಕ್ಷರಗಳ ಒತ್ತುಗಳು ಒಡೆಯುತ್ತವೆ. ನಾನು ಉಚಿತವಾಗಿ ಸಿಗುವ ಇಂಕ್‌ಸ್ಕೇಪಿನಲ್ಲಿ ಶೀರ್ಷಿಕೆ ಜೋಡಿಸಿ, ಗೆರೆಗಳನ್ನಾಗಿ ಪರಿವರ್ತಿಸಿ ಒಯ್ಯುತ್ತೇನೆ.

ಇನ್ನೊಂದು ಮಾತು. ಗ್ಯಾಲರಿಯೊಳಗೆ ಇರುವುದು ಮಾತ್ರ ಕಲೆ ಎಂದುಕೊಳ್ಳಬೇಡಿ. ಮೈಸೂರಿನ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆಯ ಒಂದು ಗುಂಡಿಗೆ ಕೊಳದ ಬಣ್ಣ ಬಳಿದು ಮೊಸಳೆಯ ಪ್ರತಿಮೆಯನ್ನು ಇಟ್ಟಾಗ ಅದನ್ನು ದೇಶವೇ ನೋಡಿತು. ಅವರ ಚಿತ್ರಗಳನ್ನು ಹುಡುಕಿ ನೋಡಿದ ಮೇಲೆ ನಮ್ಮೂರಿನ ಗುಂಡಿಗಳನ್ನು ನಾನು ಬೇರೆ ದೃಷ್ಟಿಯಿಂದ ಎಣಿಸುತ್ತಿದ್ದೇನೆ.

ಸಕಲೇಶಪುರದಿಂದ

ವರ್ಷಕ್ಕೆ ಎರಡು ಸಲವಾದರೂ ಬೆಂಗಳೂರಿಗೆ ಹೋಗಿ ಕಣ್ಣಾರೆ ನೋಡಿ ಬನ್ನಿ. ಅಂಗೈಯಗಲದ ಪರದೆಯಲ್ಲಿ ಎಲ್ಲ ಚಿತ್ರವೂ ಒಂದೇ ಅಳತೆ. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಹೋಗುವ ರೈಲು ಮಾರ್ಗ 2017ರಿಂದ ಇರುವುದರಿಂದ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರುವುದು ಕಷ್ಟವಲ್ಲ. ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಕಲಾ ಗ್ಯಾಲರಿಯೂ 2023ರಲ್ಲಿ ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವೂ ನಡೆದುಹೋಗುವಷ್ಟು ಹತ್ತಿರದಲ್ಲಿವೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್ನಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಅಲ್ಲಿಂದ ಆಟೋ ಸಾಕು. ಸೋಮವಾರ ಮಾತ್ರ ಹೋಗಬೇಡಿ. ಬಾಗಿಲು ನೋಡಿ ವಾಪಸಾದ ಅನುಭವ ನನಗಿದೆ.

ಜನವರಿಯಲ್ಲಿ ಒಂದು ಭಾನುವಾರ ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯನ್ನು ತಪ್ಪಿಸಬೇಡಿ. ಅಲ್ಲಿ ಎಲ್ಲವೂ ಉತ್ತಮವಾಗಿರುವುದಿಲ್ಲ; ಕುದುರೆ, ಬುದ್ಧ, ಮಳೆಯಲ್ಲಿ ಛತ್ರಿ ಹಿಡಿದ ಜೋಡಿ ಇವು ನೂರು ಸಲ ಎದುರಾಗುತ್ತವೆ. ಆದರೆ ಬರೆದವರೇ ಚಿತ್ರದ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತಿರುತ್ತಾರೆ, ಕೇಳಿದರೆ ಬಣ್ಣ ಬೆರೆಸಿದ್ದು ಹೇಗೆಂದು ಹೇಳುತ್ತಾರೆ. ಬೆಳಿಗ್ಗೆ ಒಂಬತ್ತರೊಳಗೆ ತಲುಪಬೇಕು, ಹನ್ನೊಂದರ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ವಿಸಿಟಿಂಗ್ ಕಾರ್ಡುಗಳನ್ನು ಕೇಳಿ ಪಡೆಯಿರಿ, ಮೇಷ್ಟ್ರ ನೋಟ್‌ಬುಕ್ಕಿಗೆ ಆರು ತಿಂಗಳ ಹೆಸರು ಒಂದೇ ದಿನದಲ್ಲಿ ಸಿಗುತ್ತದೆ.

ಮತ್ತೆ ಹಾಸನದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೆಸ್ಸಿನ ಗಣಪತಿಯನ್ನು ಲೆನ್ಸ್‌ಗೆ ಕೊಟ್ಟು ನೋಡಿದೆ. ಪುಟಗಟ್ಟಲೆ ಲಗ್ನಪತ್ರಿಕೆಗಳು ಬಂದವು, ಬರೆದವರ ಹೆಸರು ಎಲ್ಲಿಯೂ ಬರಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಶೀಲಾ ಗೌಡ ಎಂದು ಬರೆದಿದ್ದೇನೆ. ಭಾನುವಾರ ಲಾರಿಯ ಮುಂದೆ ನಿಂತು ಕರಿಹಗ್ಗದ ಗಂಟನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದಾಗ ಡ್ರೈವರು ಇಳಿದು ಬಂದು, ಆರ್‌ಟಿಓ ಕಡೆಯವರಾ ಎಂದು ಕೇಳಿದರು. ಗಂಟು ನಾನು ಅಂದುಕೊಂಡದ್ದಕ್ಕಿಂತ ಕಷ್ಟದ್ದು, ಮೂರು ಎಳೆ ಒಂದರೊಳಗೊಂದು ಹೊಕ್ಕಿರುತ್ತದೆ. ಮುಂದಿನ ವಾರ ಅಣ್ಣನ ಬೈಕಿನಲ್ಲಿ ಅಮೃತಾಪುರಕ್ಕೆ ಹೋಗುವವರಿದ್ದೇವೆ. ಸರ್, ಒಳಛಾವಣಿ ನೋಡಲು ಟಾರ್ಚು ತರಬೇಕೇ?

ಚಿಕ್ಕಮಗಳೂರಿನಿಂದ

ಟಾರ್ಚಿಗಿಂತ ಒಂದು ಕೈಗನ್ನಡಿ ತನ್ನಿ. ತಲೆಯೆತ್ತಿ ನೋಡಿದರೆ ಎರಡೇ ನಿಮಿಷಕ್ಕೆ ಕತ್ತು ಹಿಡಿಯುತ್ತದೆ. ಕನ್ನಡಿಯನ್ನು ನೆಲದ ಮೇಲಿಟ್ಟು ಪಕ್ಕದಲ್ಲಿ ಕುಳಿತರೆ ಛಾವಣಿಯ ಹೂವನ್ನು ನೋಡುತ್ತಲೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬಹುದು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದೆ ಎಂಬುದೊಂದೇ ತೊಡಕು, ಅದನ್ನು ಪುಟದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.