ಇಂಗ್ಲೆಂಡ್‌ನಲ್ಲಿದ್ದೇನೆ, ಬೆಂಗಳೂರು ಕೋರ್ಟಿನಿಂದ ಸಾಲ ವಸೂಲಿ ಸಮನ್ಸ್. ಏನು ಮಾಡಬೇಕು?

ಮಂಜಿನೂರು
ಖಾಸಗಿ ಬ್ಯಾಂಕೊಂದು ಪರ್ಸನಲ್ ಲೋನ್ ಬಾಕಿಗಾಗಿ ಬೆಂಗಳೂರು ಸಿಟಿ ಸಿವಿಲ್ ಕೋರ್ಟಿನಲ್ಲಿ ನನ್ನ ಮೇಲೆ ದಾವೆ ಹೂಡಿದೆ. ಒ.ಎಸ್. (ಮೂಲ ದಾವೆ) ನಂಬರ್ ಇದೆ, ಬಡ್ಡಿ ಸೇರಿ ಸುಮಾರು 7 ಲಕ್ಷ. ಸಮನ್ಸನ್ನು ಮೈಸೂರಿನ ಮನೆಯಲ್ಲಿ ಅಪ್ಪ ಸಹಿ ಹಾಕಿ ತಗೊಂಡು, ಅದರ ಫೋಟೊ ನನಗೆ ವಾಟ್ಸಾಪ್ ಮಾಡಿದ್ದಾರೆ. ನಾನು 2021ರಿಂದ ಮ್ಯಾಂಚೆಸ್ಟರ್‌ನಲ್ಲಿದ್ದೇನೆ, ಕೊನೆಯ ಕಂತು ಕಟ್ಟಿದ್ದೂ ಆ ವರ್ಷವೇ. ಮೂರು ವರ್ಷ ದಾಟಿದೆ, ಕೇಸ್ ನಿಲ್ಲಲ್ಲ, ಸುಮ್ಮನಿರು ಅಂತಾರೆ ಸ್ನೇಹಿತರು. ನಿಜವೇ? ಅಪ್ಪನೇ ಕೋರ್ಟಿಗೆ ಹೋದರೆ ಸಾಲದೆ?

ವಾಯಿದೆ_ಪುಸ್ತಕ
ಸುಮ್ಮನಿರಬೇಡಿ. ಕಾಲಮಿತಿ ಕಾಯ್ದೆಯ ಕಲಂ 15(5) ಪ್ರಕಾರ ಪ್ರತಿವಾದಿ ಭಾರತದಲ್ಲಿ ಇಲ್ಲದಿದ್ದ ಅವಧಿಯನ್ನು, ದಾವೆ ಹೂಡಲು ಇರುವ ಆ ಮೂರು ವರ್ಷದ ಲೆಕ್ಕದಿಂದ ಕಳೆಯುತ್ತಾರೆ. ವಿದೇಶದಲ್ಲಿ ಕೂತಷ್ಟೂ ಸಾಲ ಹಳತಾಗುತ್ತದೆ ಅನ್ನುವುದು ತಲೆಕೆಳಗಾದ ತಿಳಿವಳಿಕೆ. ಸಾಲದ್ದಕ್ಕೆ 15-3-2020ರಿಂದ 28-2-2022ರವರೆಗಿನ ಕೋವಿಡ್ ಅವಧಿಯನ್ನೂ ಸುಪ್ರೀಂ ಕೋರ್ಟ್ ಲೆಕ್ಕದಿಂದ ಹೊರಗಿಟ್ಟಿದೆ.

ಮೊದಲು ಸಮನ್ಸ್ ಯಾವ ಬಗೆಯದು ನೋಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 37ರ ಸಮ್ಮರಿ ದಾವೆ (ಪೂರ್ಣ ವಿಚಾರಣೆಯಿಲ್ಲದೆ ಬೇಗ ಮುಗಿಯಬಹುದಾದ ದಾವೆ) ಆದರೆ ತಲುಪಿದ 10 ದಿನದೊಳಗೆ ಹಾಜರಾತಿ ದಾಖಲಿಸಬೇಕು; ತಪ್ಪಿದರೆ ನೇರವಾಗಿ ಡಿಕ್ರಿ (ಹಣ ಕೊಡಿ ಎನ್ನುವ ಕೋರ್ಟಿನ ತೀರ್ಪು). ಹಾಜರಾದ ಮೇಲೂ ಕೇಸ್ ನಡೆಸಲು ಅನುಮತಿ ಕೇಳುವ ಅರ್ಜಿಗೆ ಬೇರೆ 10 ದಿನದ ಗಡುವು ಇದೆ. ಮಾಮೂಲಿ ದಾವೆಯಾದರೆ ಲಿಖಿತ ಹೇಳಿಕೆಗೆ (ಬ್ಯಾಂಕಿನ ದಾವೆಗೆ ನಿಮ್ಮ ಬರಹದ ಉತ್ತರಕ್ಕೆ) 30 ದಿನ, ಕಾರಣ ತೋರಿಸಿದರೆ 90ರವರೆಗೆ. ನಂಬರಿನ ಮುಂದೆ 'ಕಾಂ.ಒ.ಎಸ್.' ಅಂತಿದ್ದರೆ ಅದು ಕಮರ್ಷಿಯಲ್ ಕೋರ್ಟು. ಅಲ್ಲಿ 120 ದಿನ ಕಳೆದರೆ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ಅಪ್ಪ ಕಳಿಸಿದ ಫೋಟೊ ನೀವು ನೋಡಿದ ದಿನದಿಂದಲ್ಲ, ಸಮನ್ಸ್ ಜಾರಿಯಾದ ದಿನದಿಂದ ಎಣಿಸಿ. ಮುಂದಿನ ವಾಯಿದೆಯನ್ನು ಇ-ಕೋರ್ಟ್ಸ್ ತಾಣದಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ನೋಡಬಹುದು.

'ಅಪ್ಪ ನನ್ನ ಜತೆ ವಾಸವಿಲ್ಲ, ಜಾರಿ ಸರಿಯಿಲ್ಲ' ಅನ್ನುವ ವಾದಕ್ಕೆ ಆದೇಶ 5 ನಿಯಮ 15ರಲ್ಲಿ ಸ್ವಲ್ಪ ಆಧಾರವಿದೆ. ಆದರೆ ಅದನ್ನೇ ನಂಬಿ ಗೈರಾಗಬೇಡಿ. ಏಕಪಕ್ಷೀಯ ಡಿಕ್ರಿ ರದ್ದು ಕೋರುವ ಆದೇಶ 9 ನಿಯಮ 13ರಲ್ಲೇ ಒಂದು ಪರಂತುಕ (ಷರತ್ತು) ಇದೆ: ವಾಯಿದೆಯ ದಿನ ನಿಮಗೆ ಗೊತ್ತಿದ್ದು, ಹಾಜರಾಗಲು ಸಮಯವೂ ಇದ್ದಿದ್ದರೆ, ಜಾರಿಯ ಲೋಪವೊಂದಕ್ಕೇ ಡಿಕ್ರಿ ರದ್ದಾಗುವುದಿಲ್ಲ. ಆ ಫೋಟೊ ವಾಟ್ಸಾಪ್‌ನಲ್ಲಿ ಇದೆಯಲ್ಲ!

ಛಾಪಾಕಾಗದ
ಅಪ್ಪ ಬರಿಗೈಯಲ್ಲಿ ಹೋದರೆ ಕೋರ್ಟಿನ ಲೆಕ್ಕದಲ್ಲಿ ನೀವು ಗೈರು. ತುರ್ತಾಗಿ ಬೇಕಿರುವುದು ವಕಾಲತ್ತು (ನಿಮ್ಮ ಪರ ಹಾಜರಾಗಲು ವಕೀಲರಿಗೆ ಕೊಡುವ ಅಧಿಕಾರಪತ್ರ). ವಕೀಲರು ಪಿಡಿಎಫ್ ಕಳಿಸುತ್ತಾರೆ, ಪ್ರಿಂಟ್ ತೆಗೆದು ಸಹಿ ಹಾಕಿ ಮೂಲಪ್ರತಿಯನ್ನೇ ಕೊರಿಯರ್ ಮಾಡಿ. ಅದು ಬರುವಷ್ಟರಲ್ಲಿ ವಾಯಿದೆ ಇದ್ದರೆ ವಕೀಲರು ಮೆಮೊ (ಕೋರ್ಟಿಗೆ ಚಿಕ್ಕ ಟಿಪ್ಪಣಿ) ಹಾಕಿ ಸಮಯ ಕೇಳಲಿ.

ಲಿಖಿತ ಹೇಳಿಕೆಗೆ, ಅದರ ಪ್ರಮಾಣಪತ್ರಕ್ಕೆ (ಅಫಿಡವಿಟ್‌ಗೆ) ಅಪ್ಪನೇ ಸಹಿ ಹಾಕುವುದಾದರೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ನಿಮ್ಮ ಪರ ವ್ಯವಹರಿಸುವ ಅಧಿಕಾರಪತ್ರ) ಬೇಕು. ಅಲ್ಲಿನ ನೋಟರಿ ಮುಂದೆ ಸಹಿ, ಮೇಲೆ ಬ್ರಿಟನ್ ವಿದೇಶಾಂಗ ಕಚೇರಿಯ ಅಪೋಸ್ಟಿಲ್ (ದಾಖಲೆ ಬೇರೆ ದೇಶದಲ್ಲಿ ಒಪ್ಪಿತವಾಗಲು ಹಾಕುವ ದೃಢೀಕರಣ). ಇಲ್ಲವೇ ಭಾರತೀಯ ದೂತಾವಾಸದಲ್ಲೇ ದೃಢೀಕರಿಸಿ. (ಅಪೋಸ್ಟಿಲ್ ಒಪ್ಪಂದದಲ್ಲಿಲ್ಲದ ದೇಶದಲ್ಲಿರುವವರಿಗೆ ದೂತಾವಾಸದ ದಾರಿಯೇ ಸಲೀಸು.) ಎಲ್ಲರೂ ಎಡವುವುದು ಇದರ ನಂತರ: ಜಿಪಿಎ ಕರ್ನಾಟಕಕ್ಕೆ ಬಂದ 3 ತಿಂಗಳೊಳಗೆ ಇಲ್ಲಿನ ಸ್ಟ್ಯಾಂಪ್ ಶುಲ್ಕ ಕಟ್ಟಿಸಬೇಕು. ಮರೆತರೆ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ, ದಂಡ ಹತ್ತು ಪಟ್ಟಿನವರೆಗೆ ಹೋಗುತ್ತದೆ.

ಸಾಕ್ಷ್ಯ ಮಾತ್ರ ಅಪ್ಪನಿಂದ ಆಗದು. ನಿಮಗಷ್ಟೇ ಗೊತ್ತಿರುವ ಸಂಗತಿಗಳ ಬಗ್ಗೆ ಜಿಪಿಎದಾರ ಸಾಕ್ಷಿ ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆ ಹಂತಕ್ಕೆ ವಿಡಿಯೊ ಕಾನ್ಫರೆನ್ಸ್ ಕೋರಿ ಅರ್ಜಿ ಹಾಕಿ.

ಖಾತೆಕಿರ್ದಿ
ಲಿಖಿತ ಹೇಳಿಕೆಯಲ್ಲಿ 'ಎಲ್ಲವೂ ಸುಳ್ಳು' ಅಂತ ಒಂದೇ ಸಾಲು ಬರೆಸಬೇಡಿ. ಪ್ಯಾರಾವಾರು, ನಿರ್ದಿಷ್ಟವಾಗಿ ಅಲ್ಲಗಳೆಯದ್ದನ್ನು ಒಪ್ಪಿದಂತೆ ಎಂದು ಕೋರ್ಟ್ ಭಾವಿಸಬಹುದು.

15(5)ರ ಲಾಭ ಬೇಕಿದ್ದರೆ ಬ್ಯಾಂಕ್ ವಾದಪತ್ರದಲ್ಲೇ ಅದನ್ನು ಹೇಳಿರಬೇಕು, ಆದೇಶ 7 ನಿಯಮ 6. ಹೇಳಿಲ್ಲದಿದ್ದರೆ ಕಾಲಮಿತಿ ಆಕ್ಷೇಪ ಎತ್ತಿ; ಆದರೆ ತಿದ್ದುಪಡಿಗೆ ಅವಕಾಶ ಸಿಗಬಹುದು, ಅದೊಂದೇ ಬಲ ಅಂದುಕೊಳ್ಳಬೇಡಿ. 'ಬಡ್ಡಿ ವಿಪರೀತ' ಎಂದರೂ ಉಪಯೋಗ ಕಡಿಮೆ, ದರ ಹೆಚ್ಚೆಂಬ ಕಾರಣಕ್ಕೆ ಕೋರ್ಟ್ ಬ್ಯಾಂಕ್ ಸಾಲದ ಲೆಕ್ಕ ಕೆದಕುವಂತಿಲ್ಲ ಎನ್ನುವ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಕಲಂ 21ಎ ಅಡ್ಡ ಬರುತ್ತದೆ. 'ಈ ದರಕ್ಕೆ ನಾನು ಒಪ್ಪಿರಲೇ ಇಲ್ಲ' ಎನ್ನುವುದು ಬೇರೆ ವಾದ: ಸಹಿಯಾದ ಕರಾರು ಹಾಜರುಪಡಿಸಲಿ, ದಂಡಬಡ್ಡಿಗೆ ಬಿಡಿ ಲೆಕ್ಕ ಕೊಡಲಿ. ಕಂಪ್ಯೂಟರ್ ಸ್ಟೇಟ್‌ಮೆಂಟ್ ಜತೆ ಕಾನೂನುಬದ್ಧ ದೃಢೀಕರಣ ಪತ್ರ ಇದೆಯೇ ಎಂದೂ ನೋಡಿ.

ಮಂಜಿನೂರು
ಧನ್ಯವಾದ. ಬ್ಯಾಂಕ್ ಜತೆ ರಾಜಿ ಮಾತಾಡಿದರೆ ಇದೆಲ್ಲ ನಿಲ್ಲುತ್ತದೆಯೇ?

ವಾಯಿದೆ_ಪುಸ್ತಕ
ಮಾತಾಡಿ, ಆದರೆ ಗಡುವು ನಿಲ್ಲಲ್ಲ. ಲಿಖಿತ ಹೇಳಿಕೆ ಹೋಗಲೇಬೇಕು. ವಸೂಲಿ ಏಜೆಂಟರಿಗೆ 'ಬಾಕಿ ಕೊಡುತ್ತೇನೆ' ಅಂತ ಇಮೇಲ್ ಬರೆಯಬೇಡಿ, ಅದು ನಾಳೆ ಕೋರ್ಟಿನಲ್ಲಿ ಸಾಲದ ಒಪ್ಪಿಗೆಯಾಗಿ ಹಾಜರಾಗುತ್ತದೆ. ಮಾತುಕತೆ ವಕೀಲರ ಮೂಲಕ, 'ಹಕ್ಕುಗಳಿಗೆ ಬಾಧೆಯಿಲ್ಲದೆ' ಎಂದು ನಮೂದಿಸಿಯೇ ನಡೆಯಲಿ. ಮೊತ್ತ ಕುದುರಿದರೆ ಲೋಕ ಅದಾಲತ್‌ನಲ್ಲಿ ದಾಖಲಿಸಿ, ಅದರ ತೀರ್ಪಿನ ಮೇಲೆ ಅಪೀಲು ಇಲ್ಲ. ಕೊನೆಯ ಕಂತು ಕಟ್ಟುವ ಮೊದಲೇ ನೋ ಡ್ಯೂ ಪತ್ರದ (ಬಾಕಿ ಇಲ್ಲ ಎಂಬ ಬ್ಯಾಂಕಿನ ಪತ್ರದ) ಒಕ್ಕಣೆಯನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ.