ಗಾಡಿ ಅಲ್ಲ, ಯಾಡಿ

ತಂಗಿ, ಬೆಳಿಗ್ಗೆ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಊರ ಅಂಗನವಾಡಿಗೆ ಲಂಬಾಣಿ ತಾಂಡಾದ ಆರು ಮಕ್ಕಳು ಹೊಸದಾಗಿ ಬಂದಿದ್ದಾರೆ, ಅವರಿಗೆ ಕನ್ನಡ ಬರುವುದಿಲ್ಲ, ಟೀಚರ್ ಅವರನ್ನೇ ಜಾಸ್ತಿ ನೋಡುತ್ತಾರೆ, ನಮ್ಮ ಹುಡುಗನನ್ನು ಪೇಟೆಯ ಕಾನ್ವೆಂಟಿಗೆ ಹಾಕಲಾ ಅಂತ ಕೇಳಿದ್ದೀಯ. ಟೈಪ್ ಮಾಡಲು ಬೇಸರ, ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೇಳಿಸಿಕೋ.

22 ವರ್ಷ ಅಂಗನವಾಡಿ ನಡೆಸಿದವಳು ನಾನು. ಶುರುವಿನಲ್ಲಿ ನನ್ನ ಹತ್ತಿರವೂ ತಾಂಡಾದ ಒಂದು ಹುಡುಗಿ ಬಂದಿತ್ತು. ಮೂರು ತುಂಬಿತ್ತು ಅಷ್ಟೇ. ಬಾಗಿಲಲ್ಲಿ ನಿಂತು "ಯಾಡಿ, ಯಾಡಿ" ಅಂತ ಒಂದೇ ಸಮ ಅಳು. ನನಗೆ ಗಾಡಿ ಅಂತ ಕೇಳಿಸಿತು. ಕಪಾಟಿನಿಂದ ಪ್ಲಾಸ್ಟಿಕ್ ಬಸ್ಸು ತೆಗೆದು ಕೊಟ್ಟೆ. ಎಸೆದಳು. ಮತ್ತೆ ಕೊಟ್ಟೆ, ಮತ್ತೆ ಎಸೆದಳು, ಒಂದು ಗಾಲಿ ಕಿತ್ತುಹೋಯಿತು. ಹಟಮಾರಿ ಅಂತ ಗದರಿಸಿಯೂ ಬಿಟ್ಟೆ. ಒಳಗೆ ಉಪ್ಪಿಟ್ಟು ತಿರುವುತ್ತಿದ್ದ ಸಹಾಯಕಿ ಹೊರಗೆ ಬಂದು, "ಅಕ್ಕೋರ, ಅದು ಅವ್ವನ್ನ ಕರಿಯಾಕತ್ತೈತ್ರಿ" ಅಂದಳು. ಲಂಬಾಣಿಯಲ್ಲಿ ಯಾಡಿ ಅಂದರೆ ಅವ್ವ. ಅವ್ವನನ್ನು ಕೇಳಿದ ಕೂಸಿಗೆ ನಾನು ಬಸ್ಸು ಕೊಟ್ಟಿದ್ದೆ!

ಆಮೇಲೆ ಅವಳ ಅಜ್ಜಿಯನ್ನೇ ಒಂದು ವಾರ ಕರೆಸಿ ಕೂರಿಸಿಕೊಂಡೆ. ಬಾಟಿ ಅಂದರೆ ರೊಟ್ಟಿ, ಪಾಣಿ ಅಂದರೆ ನೀರು. ಹಸಿವು, ಹೊಟ್ಟೆನೋವು, ಹೊರಗೆ ಹೋಗಬೇಕು, ಇಷ್ಟಕ್ಕೆ ಮಾತು ಕಲಿತೆ. ಎರಡು ತಿಂಗಳಿಗೆ ಆ ಹುಡುಗಿ ಕನ್ನಡದಲ್ಲೇ ಚಾಡಿ ಹೇಳಲು ಶುರು ಮಾಡಿದಳು. ನಮ್ಮ ಮಕ್ಕಳು ಮನೆಗೆ ಹೋಗಿ ರೊಟ್ಟಿಗೆ ಬಾಟಿ ಅಂದು ಬೈಸಿಕೊಂಡವು, ಅದು ಬೇರೆ ಮಾತು.

ನಿನ್ನ ಮಗ ಬಾಗಿಲು ದಾಟುವಾಗಲೇ ಟೀಚರ್ ಮಾತು ಅವನಿಗೆ ತಿಳಿಯುತ್ತದೆ. ಆ ಮಕ್ಕಳಿಗೆ ನೀರು ಕೇಳುವುದೇ ಒಂದು ಪಾಠ. ಗಡಿಯಾರ ನೋಡಿ ಇಬ್ಬರಿಗೂ ಹತ್ತು ಹತ್ತು ನಿಮಿಷ ಹಂಚಿದರೆ ಅದು ನ್ಯಾಯವಾ?

2020ರ ಶಿಕ್ಷಣ ನೀತಿ, ಸಾಧ್ಯವಿದ್ದಲ್ಲೆಲ್ಲ ಐದನೇ ಕ್ಲಾಸಿನವರೆಗಾದರೂ ಮನೆಮಾತಲ್ಲೇ ಕಲಿಸಿ ಅನ್ನುತ್ತದೆ. ಹೇಳುವುದು ಸುಲಭ. ಲಂಬಾಣಿಗೆ ಸ್ವಂತ ಲಿಪಿ ಇಲ್ಲ, ಎಷ್ಟೋ ಟೀಚರಿಗೆ ಆ ಮಾತು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ 1975ರಲ್ಲೇ ಟಿ. ನರಸೀಪುರದಲ್ಲಿ ಅಂಗನವಾಡಿ ಶುರುವಾಯಿತು. ನನ್ನ ಕಾಲದ ಮೀಟಿಂಗಿನಲ್ಲಿ ಮಕ್ಕಳ ತೂಕ ಕೇಳುತ್ತಿದ್ದರು, ಚುಚ್ಚುಮದ್ದು ಕೇಳುತ್ತಿದ್ದರು. ಅಂಗನವಾಡಿ ಅಷ್ಟು ಹಳೆಯದಾದರೂ, ಮಕ್ಕಳ ಮನೆಮಾತು ಯಾವುದು ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ.

ಕಾನ್ವೆಂಟಿಗೆ ಹಾಕುವುದು ನಿಮ್ಮಿಷ್ಟ, ನಾನು ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಇಂಗ್ಲಿಷ್ ಬರದೆ ಬಾಗಿಲಲ್ಲಿ ನಿಂತು ಅಳುವವನು ನಿನ್ನ ಮಗನೇ ಆಗುತ್ತಾನೆ, ಅಲ್ವಾ?

ಇನ್ನೊಂದು. ದೀಪಾವಳಿ ಹೊತ್ತಿಗೆ ತಾಂಡಾದವರು ಕಬ್ಬು ಕಡಿಯಲು ಹೋಗುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ವಾಪಸ್ ಬರುವ ಹೊತ್ತಿಗೆ ಹಾಜರಿಯಲ್ಲಿ ಹೆಸರೇ ಇರುವುದಿಲ್ಲ, ಹಾಗಾಗಬಾರದು. ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ನೀನು ಸುಮ್ನೆ ಸಹಿ ಹಾಕಿ ಬರುತ್ತೀಯಲ್ಲ, ಮುಂದಿನ ಸಭೆಯಲ್ಲಿ ಇದನ್ನು ಎತ್ತು. ಟೀಚರಿಗೆ ನನ್ನ ನಂಬರ್ ಕೊಡು. ಆ ಅಜ್ಜಿ ಕಲಿಸಿದ ಎರಡು ಹಾಡು ನನಗೆ ಇನ್ನೂ ಬಾಯಿಗೆ ಬರುತ್ತವೆ.